ಸಹಿ ಯಾರದು, ತೀರ್ಮಾನ ಯಾರದು?

(ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಅಮೆರಿಕದ ಅಧ್ಯಕ್ಷ ಅಂದ್ರ ಏನು ಬೇಕಾದ್ರೂ ಮಾಡ್ತಾನ, ನಮ್ಮ ರಾಷ್ಟ್ರಪತಿ ಅಂದ್ರ ಬರೇ ರಬ್ಬರ್ ಸ್ಟಾಂಪು, ಕೋರ್ಟ್ ಅಂದ್ರ ದೇವರು. ಚಾದಂಗಡಿಯಲ್ಲಿ ಈ ಮೂರು ಮಾತು ನಾವೆಲ್ಲ ಕೇಳಿದ್ದೇವೆ. ಮೂರೂ ಅರ್ಧ ಸುಳ್ಳು. ಇದು ದೂರದ ಮಾತು ಎಂದುಕೊಳ್ಳಬೇಡಿ. ನಿಮ್ಮ ಟ್ರಂಕಿನಲ್ಲಿರುವ 371ಜೆ ಸರ್ಟಿಫಿಕೇಟಿನ ಬೇರು ಕೂಡ ರಾಷ್ಟ್ರಪತಿಗೆ ಸಂವಿಧಾನ ಕೊಟ್ಟ ಅಧಿಕಾರದಲ್ಲೇ ಇದೆ.

ಮೊದಲು ಅಮೆರಿಕ ನೋಡೋಣ. ಅಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆ ಇತ್ತು, ನಮ್ಮ ಹೋಟೆಲುಗಳ ಬೇರೆ ಲೋಟದ ಹಾಗೆ. ಇದು ತಪ್ಪು ಎಂದು 1954ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ತೀರ್ಪು ಬಂತು, ಬಾಗಿಲು ತೆರೆಯಲಿಲ್ಲ. 1957ರಲ್ಲಿ ಲಿಟಲ್ ರಾಕ್ ಊರಿನ ಹೈಸ್ಕೂಲಿಗೆ ಒಂಬತ್ತು ಕರಿಯ ಮಕ್ಕಳು ಹೊರಟಾಗ ರಾಜ್ಯದ ಗವರ್ನರ್ ಫಾಬಸ್ ಬಂದೂಕಿನ ಪಡೆ ನಿಲ್ಲಿಸಿ ತಡೆದ. ಕೋರ್ಟಿನ ಕೈಯಲ್ಲಿ ಸಿಪಾಯಿ ಇಲ್ಲ, ಖಜಾನೆ ಇಲ್ಲ. ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಿದ ಮೇಲೇ ಆ ಮಕ್ಕಳು ಒಳಗೆ ಕೂತು ಓದಿದ್ದು. ಮರುವರ್ಷ ಅದೇ ಗವರ್ನರ್ ಊರಿನ ಹೈಸ್ಕೂಲುಗಳನ್ನೇ ಮುಚ್ಚಿಸಿದ!

ಹಾಗಂತ ಅಧ್ಯಕ್ಷ ಆಡಿದ್ದೇ ಆಟವೂ ಅಲ್ಲ. 1952ರಲ್ಲಿ ಕೊರಿಯಾ ಯುದ್ಧದ ಹೊತ್ತಿನಲ್ಲಿ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡ. ನಿನಗೆ ಆ ಅಧಿಕಾರ ಇಲ್ಲ ಎಂದಿತು ಕೋರ್ಟು. ವಾಪಸು ಕೊಡಬೇಕಾಯಿತು.

ಈಗ ನಮ್ಮ ಕಡೆ ಬರೋಣ. ಮಸ್ಕಿಯ ಬಂಡೆ ಮೇಲೆ ಅಶೋಕನ ಹೆಸರಿರುವ ಶಾಸನ ಇದೆ. ಆಗ ಅರಸನ ಮಾತೇ ಕಾನೂನು. ಆ ಕಾಲ ಹೋಯಿತು. ನಮ್ಮ ರಾಷ್ಟ್ರಪತಿ ಅಮೆರಿಕದ ಅಧ್ಯಕ್ಷನಂತಲ್ಲ, ಮಂತ್ರಿಗಳ ಸಲಹೆಯಂತೆ ನಡೆಯಬೇಕಾದವರು ಎಂದು 1948ರ ನವೆಂಬರ್ 4ರಂದೇ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಬಿಡಿಸಿ ಹೇಳಿದರು. ಸಹಿ ರಾಷ್ಟ್ರಪತಿಯದು, ತೀರ್ಮಾನ ದಿಲ್ಲಿಯ ಮಂತ್ರಿಮಂಡಲದ್ದು.

ಇದರ ಬಿಸಿ ಕರ್ನಾಟಕದ ದಲಿತ ನೌಕರರಿಗೆ ತಟ್ಟಿದೆ. ಮೀಸಲಾತಿಯಲ್ಲಿ ಬಡ್ತಿ ಪಡೆದವರಿಗೆ ಜ್ಯೇಷ್ಠತೆಯೂ ಸಿಗಬೇಕೆಂದು ರಾಜ್ಯ 2002ರಲ್ಲಿ ಕಾನೂನು ಮಾಡಿತ್ತು. ಬಿ.ಕೆ. ಪವಿತ್ರ ಪ್ರಕರಣದಲ್ಲಿ 2017ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟು ಅದರ ಮುಖ್ಯ ಕಲಮುಗಳನ್ನು ಹೊಡೆದುಹಾಕಿತು. ಯಾಕೆ? ಮೇಲಿನ ಹುದ್ದೆಗಳಲ್ಲಿ ನಮ್ಮವರು ಎಷ್ಟು ಕಡಿಮೆ ಇದ್ದಾರೆ ಎಂಬ ಲೆಕ್ಕವನ್ನು ಸರ್ಕಾರ ಕೋರ್ಟಿನ ಮುಂದೆ ಇಡಲಿಲ್ಲ. ಕಚೇರಿ ಕಚೇರಿಗಳಲ್ಲಿ ಹಿಂಬಡ್ತಿಯ ಭಯ ಹೊಕ್ಕಿತು.

ಆಮೇಲೆ ರತ್ನಪ್ರಭಾ ಸಮಿತಿ ಲೆಕ್ಕ ತೆಗೆಯಿತು. ನವೆಂಬರ್‌ನಲ್ಲಿ ಎರಡೂ ಸದನ ಹೊಸ ಮಸೂದೆ ಒಪ್ಪಿದವು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಾದಿರಿಸಿದರು. ಯಾವ ದಿನ ಗೊತ್ತೇನು? ಡಿಸೆಂಬರ್ 6, ಬಾಬಾಸಾಹೇಬರು ತೀರಿಕೊಂಡ ದಿನ. ಸಹಿ ಬಿದ್ದದ್ದು 2018ರ ಜೂನ್ 14ಕ್ಕೆ. ಅಮೆರಿಕದಲ್ಲಿ ಮಸೂದೆ ಕೈ ಸೇರಿದ ಮೇಲೆ ಅಧ್ಯಕ್ಷನಿಗೆ ಭಾನುವಾರ ಬಿಟ್ಟು ಹತ್ತು ದಿನ. ಅವನು ಬೇಡವೆಂದರೂ ಎರಡೂ ಸದನಗಳ ಮೂರನೇ ಎರಡರಷ್ಟು ಮತದಿಂದ ಅದು ಕಾನೂನಾಗಬಹುದು. ನಮ್ಮಲ್ಲಿ ರಾಜ್ಯದ ಮಸೂದೆಗೆ ರಾಷ್ಟ್ರಪತಿ ಇಷ್ಟು ದಿನದೊಳಗೆ ಸಹಿ ಹಾಕಬೇಕೆಂದು ಸಂವಿಧಾನದಲ್ಲಿ ಬರೆದಿಲ್ಲ. ಆರು ತಿಂಗಳು ಕಾದೆವು.

2019ರ ಮೇ 10ರಂದು ಸುಪ್ರೀಂ ಕೋರ್ಟು ಆ ಹೊಸ ಕಾನೂನನ್ನು ಎತ್ತಿಹಿಡಿಯಿತು. ರಾಷ್ಟ್ರಪತಿ ಸಹಿ ಇದೆ ಅಂತ ಅಲ್ಲ, ಲೆಕ್ಕ ಇದೆ ಅಂತ. ನಾವು ಕಲಿಯಬೇಕಾದದ್ದು ಇಲ್ಲೇ ಇದೆ ಗೆಳೆಯರೆ.

ಅಧ್ಯಕ್ಷ ದೇವರಲ್ಲ, ಕೋರ್ಟೂ ದೇವರಲ್ಲ. ಒಂದನ್ನೊಂದು ತಡೆಯುವ ಹಾಗೆ ಕಟ್ಟಿದ ಮನೆ ಇದು. ಲೆಕ್ಕ ಇಟ್ಟವರಿಗೆ, ಬೆನ್ನು ಬಿಡದವರಿಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ನಿಮ್ಮ ತಾಲೂಕಿನ ಕಚೇರಿಗಳಲ್ಲಿ ಬ್ಯಾಕ್‌ಲಾಗ್ ಹುದ್ದೆ ಎಷ್ಟು ಖಾಲಿ ಬಿದ್ದಾವು? ಹಾಸ್ಟೆಲಿಗೆ ಮಂಜೂರಾದ ಹಣ ಎಷ್ಟು, ತಟ್ಟೆಗೆ ಬಂದದ್ದು ಎಷ್ಟು? 2005ರ ಮಾಹಿತಿ ಹಕ್ಕು ಕಾನೂನು ಇದೆ. ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಹಾಸ್ಟೆಲಿಗೊಂದು ಅರ್ಜಿ ಬರೆಯಿರಿ. ಉತ್ತರ ಬಂದರೆ ಜೋಪಾನ ಮಾಡಿ. ಬರದಿದ್ದರೆ ಮೇಲ್ಮನವಿ ಹಾಕಿ. ನಾಳೆ ಯಾರೋ ನಮ್ಮ ಹಕ್ಕನ್ನು ಕೋರ್ಟಿಗೆ ಎಳೆದಾಗ ಲೆಕ್ಕ ಇಲ್ಲ ಅನ್ನುವ ಮಾತು ಮತ್ತೆ ಬರಬಾರದು.

ಜೈ ಭೀಮ್.