ಭಾನುವಾರ ಕೂತು ಬರೆದ ಸೈಟ್ ಡೈರಿ

ನಾನು ಸಿವಿಲ್ ಇಂಜಿನಿಯರ್, ಊರು ದಾವಣಗೆರೆ, ಈಗ ಇರೋದು ಅಹಮದಾಬಾದಿನ ಸ್ಯಾಟಲೈಟ್‌ನಲ್ಲಿ. ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಪಕ್ಕದಲ್ಲೇ ಇದೆ, ಏರಿಯಾಗೆ ಹೆಸರು ಬಂದಿದ್ದೂ ಅದರಿಂದಲೇ. ಇವತ್ತಿನ ವಿಷಯ ಮಾತ್ರ ನೆಲದ ಮೇಲಿಂದು: ಸೈಟ್ ಡೈರಿ.

ನಿಮ್ಮ ಕೆಲಸದಲ್ಲಿ ಯಾರು, ಯಾವಾಗ, ಯಾವ ಸಾಲು ಬದಲಾಯಿಸಿದ್ರು ಅಂತ ಗಿಟ್ ತೋರಿಸುತ್ತೆ. ನಮ್ಮಲ್ಲಿ ಕಾಂಕ್ರೀಟ್ ಹಾಕಿದ ಮೇಲೆ ಒಳಗಿನ ಕಂಬಿ ಕಾಣಲ್ಲ, ಪ್ಲಾಸ್ಟರ್ ಆದ ಮೇಲೆ ಕಾಂಕ್ರೀಟೂ ಕಾಣಲ್ಲ. ಉಳಿಯೋದು ಪುಸ್ತಕ. ಎಷ್ಟು ಜನ ಬಂದ್ರು, ಎಷ್ಟು ಘನ ಮೀಟರ್ ಹಾಕಿದ್ವಿ, ಸ್ಲಂಪ್ ಎಷ್ಟಿತ್ತು, ಎಷ್ಟು ಕ್ಯೂಬ್ ತೆಗೆದ್ವಿ, ಸೆಂಟ್ರಿಂಗ್ ಯಾವತ್ತು ಬಿಚ್ಚಿದ್ರು.

2001ರ ಜನವರಿ 26ರ ಬೆಳಿಗ್ಗೆ ಕಛ್‌ನಲ್ಲಿ ಭೂಕಂಪ ಆದಾಗ, 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಬಿದ್ದವು. ಮಾನ್ಸಿ, ಶಿಖರ್ ಅನ್ನೋ ಹೆಸರು ಇಲ್ಲಿನ ಹಳಬರಿಗೆ ಇನ್ನೂ ಮರೆತಿಲ್ಲ. ಕೆಳಗೆ ಬರೀ ಕಂಬಗಳ ಮೇಲೆ ಪಾರ್ಕಿಂಗ್, ಮೇಲೆ ಅಷ್ಟೂ ಮನೆಗಳ ಭಾರ, ಅಂಥ ಕಟ್ಟಡಗಳೇ ಹೆಚ್ಚು ಪೆಟ್ಟು ತಿಂದವು. ಡೈರಿ ಬರೆದ ಮಾತ್ರಕ್ಕೆ ಡಿಸೈನಿನ ತಪ್ಪು ಸರಿಹೋಗಲ್ಲ, ಒಪ್ಪಿದೆ. ಆದರೆ ಕಟ್ಟಿದವರು ಏನು ಮಾಡಿದ್ರು ಅಂತ ಆಮೇಲೆ ಕೇಳೋಕೆ ಬೇರೆ ದಾರಿ ಎಲ್ಲಿದೆ?

ಈಗ ನನ್ನದೇ ಕತೆ. ಕೆಲವು ವರ್ಷದ ಹಿಂದೆ, ಮೇ ತಿಂಗಳು, ಸುಡು ಬಿಸಿಲು. ಸ್ಲ್ಯಾಬ್ ಹಾಕಿದ್ವಿ. ಇಂಥ ಒಣ ಬಿಸಿಲಲ್ಲಿ ಕನಿಷ್ಠ 10 ದಿನ ಕ್ಯೂರಿಂಗ್ ಆಗಬೇಕು ಅಂತ ಐಎಸ್ 456 ಹೇಳುತ್ತೆ. ಮಧ್ಯೆ ಎರಡು ದಿನ ನೀರಿನ ಟ್ಯಾಂಕರ್ ಬರಲಿಲ್ಲ. ನಾನು ವಾರವಿಡೀ ಡೈರಿ ಮುಟ್ಟಿರಲಿಲ್ಲ. ಭಾನುವಾರ ಚಹಾ ಕುಡೀತಾ ಕೂತು, ಒಂದೇ ಪೆನ್ನಲ್ಲಿ, ಎಲ್ಲಾ ದಿನಕ್ಕೂ "ಕ್ಯೂರಿಂಗ್ ಆಗಿದೆ" ಅಂತ ಬರೆದೆ. ಸುಳ್ಳು ಬರೀತಿದ್ದೀನಿ ಅಂತ ಅನ್ನಿಸಲೇ ಇಲ್ಲ, ಅದೇ ವಿಚಿತ್ರ.

ಸ್ಲ್ಯಾಬಿನ ಮೇಲೆ ಕೂದಲೆಳೆ ಬಿರುಕು ಬಂತು. ಕಾಂಕ್ರೀಟ್ ಕೊಟ್ಟವರು "ನಿಮ್ಮ ಕ್ಯೂರಿಂಗ್ ಸರಿಯಿಲ್ಲ" ಅಂದ್ರು. ನಾನು ಡೈರಿ ತೋರಿಸಿದೆ. ಅವರು ಟ್ಯಾಂಕರಿನ ಚಲನ್ ಕೇಳಿದ್ರು. ಎರಡು ಕಡಿಮೆ. ತಕ್ಷಣ ಕಾಂಟ್ರ್ಯಾಕ್ಟರ್, ನೀರು ಹಾಕದೇ ಹೋದ ಗ್ಯಾಂಗಿನ ಕೂಲಿ ಕಟ್ ಮಾಡಿ ಅಂದರು. ಗ್ಯಾಂಗ್ ದಾಹೋದ್ ಕಡೆಯದು, ಅವರ ಮುಕಾದಮ್ ವಯಸ್ಸಾದವರು, ನಾವೆಲ್ಲ ಕಾಕಾ ಅಂತಿದ್ವಿ. ಕಾಕಾ ಅಂಗಿ ಜೇಬಿಂದ ಬೆವರಿಗೆ ಮೆತ್ತಗಾದ ಪುಟ್ಟ ಹಾಜರಿ ಪುಸ್ತಕ ತೆಗೆದು ನನ್ನ ಮುಂದಿಟ್ಟರು.

"ಸಾಹೇಬ್, ಆ ಎರಡು ದಿನ ಹೆಂಗಸರನ್ನ ಇಟ್ಟಿಗೆ ಇಳಿಸೋಕೆ ಕಳಿಸಿದ್ದು ನೀವೇ ಅಲ್ವಾ?"

ಹೌದು, ನಾನೇ. ನೀರಿಲ್ಲ, ಸುಮ್ನೆ ಯಾಕೆ ಕೂರಬೇಕು ಅಂತ ಕಳಿಸಿದ್ದೆ. ಯಾರು ಎಲ್ಲಿ ದುಡಿದ್ರು ಅಂತ ಅವರ ಪುಸ್ತಕದಲ್ಲಿ ಆಯಾ ದಿನವೇ ಗುರುತಿತ್ತು. ನನ್ನ ಡೈರಿ ಅವರ ಕೂಲಿ ತಿನ್ನೋದರಲ್ಲಿತ್ತು. ಕಾಂಟ್ರ್ಯಾಕ್ಟರ್ ಮುಂದೆ ಒಪ್ಪಿಕೊಂಡೆ, ಕೂಲಿ ಉಳೀತು, ನನಗೆ ಆ ಸೈಟಿನಲ್ಲಿ ಮರ್ಯಾದೆ ಉಳೀಲಿಲ್ಲ. ಸ್ಲ್ಯಾಬಿಂದ ಕೋರ್ ತೆಗೆದು ಟೆಸ್ಟ್ ಮಾಡಿಸಿದ್ವಿ. ಸರಾಸರಿ 85%, ಯಾವ ಒಂದೂ 75%ಕ್ಕಿಂತ ಕಡಿಮೆ ಬರಬಾರದು ಅನ್ನೋದು ನಿಯಮ. ಪಾಸಾಯ್ತು. ಬಿರುಕಿಗೆ ಕಾಂಕ್ರೀಟ್ ಕಾರಣವೋ ನೀರು ಕಾರಣವೋ ಅನ್ನೋದು ಮಾತ್ರ ಇತ್ಯರ್ಥ ಆಗಲೇ ಇಲ್ಲ. ನನ್ನ ಡೈರಿಯ ಬೇರೆ ಪುಟಗಳನ್ನೂ ಯಾರೂ ನಂಬಲಿಲ್ಲ, ಅವು ನಿಜವಾಗಿದ್ದರೂ.

ಈಗ ಸಂಜೆ ಸೈಟ್ ಬಿಡೋ ಮುಂಚೆ ಬರೀತೀನಿ. ಆಗದೇ ಇದ್ದದ್ದನ್ನ ಮೊದಲು ಬರೀತೀನಿ: ಟ್ಯಾಂಕರ್ ಬಂದಿಲ್ಲ, ವೈಬ್ರೇಟರ್ ಕೆಟ್ಟಿತ್ತು, ಎರಡು ಗಂಟೆ ಕರೆಂಟ್ ಇಲ್ಲ. ಆಮೇಲೆ ಮುಕಾದಮ್‌ಗೆ ಓದಿ ಹೇಳಿ ಸಹಿ ತಗೋತೀನಿ. ಮೊಬೈಲ್ ಆ್ಯಪ್ ಬಂದಿದೆ, ಒಳ್ಳೇದೇ. ಆದರೆ ಅದರಲ್ಲೂ ಭಾನುವಾರ ಕೂತು ಟಿಕ್ ಹೊಡೆಯೋರನ್ನ ನೋಡಿದ್ದೀನಿ.

ನಿಮ್ಮಲ್ಲಿ ಹಲವರು ಫ್ಲ್ಯಾಟ್ ಬುಕ್ ಮಾಡಿರ್ತೀರಿ. ರೇರಾ ಕಾಯ್ದೆ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ದುಡ್ಡಿಲ್ಲದೆ ಸರಿಮಾಡಿಕೊಡಬೇಕು. ಸೈಟ್ ನೋಡೋಕೆ ಹೋದಾಗ ಟೈಲ್ಸ್ ಆಮೇಲೆ ನೋಡಿ. "ನಮ್ಮ ಮಹಡಿಯ ಸ್ಲ್ಯಾಬ್ ಯಾವತ್ತು ಹಾಕಿದ್ರಿ, ಸೆಂಟ್ರಿಂಗ್ ಯಾವತ್ತು ಬಿಚ್ಚಿದ್ರಿ, 28 ದಿನದ ಕ್ಯೂಬ್ ರಿಸಲ್ಟ್ ಎಲ್ಲಿ" ಅಂತ ಕೇಳಿ. ಪುಸ್ತಕ ಕೊಟ್ಟರೆ ಕೈಬರಹ, ಇಂಕು ನೋಡಿ. ತಿಂಗಳಿಡೀ ಒಂದೇ ಥರ ಇದ್ದರೆ, ಒಂದೂ ದಿನ ಮಳೆ, ತೊಂದರೆ, ರಜೆ ಇಲ್ಲದಿದ್ದರೆ, ನನ್ನಂಥವನು ಎಲ್ಲೋ ಒಂದು ಭಾನುವಾರ ಕೂತು ಬರೆದಿದ್ದಾನೆ ಅಂತಲೇ ಅರ್ಥ.