ವೋವಿಚ್: ಪಟ್ಟೆ ಲಂಗದ ಸೀಮೆ



ಪೋಲೆಂಡಿನ ರಾಜಧಾನಿ ವಾರ್ಸಾದಿಂದ ಪಡುವಲಿಗೆ ಸುಮಾರು 80 ಕಿಲೋಮೀಟರ್ ಸಾಗಿದರೆ ಬ್ಜುರಾ ನದಿಯ ಬಯಲು ಸಿಗುತ್ತದೆ. ಅಲ್ಲಿರುವುದೇ ವೋವಿಚ್ ಪೋವ್ಯಾತ್. ಪೋವ್ಯಾತ್ ಎಂಬುದು ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಂಥ ಆಡಳಿತ ವಿಭಾಗ. ಬೆಟ್ಟವಿಲ್ಲ, ಕಡಲಿಲ್ಲ, ಹೊಲ, ಹುಲ್ಲುಗಾವಲು, ಹೈನುಗಾರಿಕೆ, ಹಣ್ಣಿನ ತೋಟ, ಇಷ್ಟೇ. ಆದರೂ ಇಲ್ಲಿನ ಹೆಂಗಸರ ಪಟ್ಟೆ ಲಂಗವನ್ನು ಪೋಲೆಂಡಿನ ಯಾವ ಮೂಲೆಯವರೂ ಗುರುತು ಹಿಡಿಯುತ್ತಾರೆ. ಇದಕ್ಕೆ ಕಾರಣ ಹುಡುಕಲು ಹೊರಟರೆ ಭೂಮಿಯ ಒಡೆತನದ ಕಥೆ ಬಿಚ್ಚಿಕೊಳ್ಳುತ್ತದೆ.

1136ರಲ್ಲಿ ಪೋಪ್ ಎರಡನೆಯ ಇನ್ನೊಸೆಂಟ್ ಹೊರಡಿಸಿದ ಪತ್ರದಲ್ಲಿ ವೋವಿಚ್ ಹೆಸರಿದೆ. ಆಗಲೇ ಅದು ಗ್ನಿಯೆಜ್ನೊದ ಆರ್ಚ್‌ಬಿಷಪ್ಪರ ಸೊತ್ತು. ಇವರು ಮುಂದೆ ಇಡೀ ಪೋಲೆಂಡಿನ ಧರ್ಮಗುರುಗಳಲ್ಲಿ ಮೊದಲಿಗರೆನಿಸಿದರು. ಅರಸರನ್ನು ಚುನಾಯಿಸುವ ಪದ್ಧತಿ ಬಂದ ಮೇಲೆ, ಒಬ್ಬ ಅರಸ ತೀರಿಕೊಂಡು ಇನ್ನೊಬ್ಬ ಬರುವವರೆಗೆ ರಾಜ್ಯಭಾರವೂ ಇವರದೇ. ಅಂಥವರ ಒಡೆತನದಲ್ಲಿ ಈ ಸೀಮೆ ಆರು ಶತಮಾನಕ್ಕೂ ಹೆಚ್ಚು ಕಾಲ ಹಂಚಿಹೋಗದೆ ಉಳಿಯಿತು.

1793ರಲ್ಲಿ ಪ್ರಷ್ಯಾ ಈ ಭಾಗವನ್ನು ನುಂಗಿ, ಚರ್ಚಿನ ಜಮೀನನ್ನು ವಶಪಡಿಸಿಕೊಂಡಿತು. 1807ರಲ್ಲಿ ನೆಪೋಲಿಯನ್ ಇದನ್ನು ತನ್ನ ಸೇನಾನಿ ದಾವೂಗೆ ಉಂಬಳಿ ಕೊಟ್ಟ. ಆಮೇಲೆ ಬಂದದ್ದು ರಷ್ಯಾದ ರಾಜಮನೆತನ. ಒಡೆಯರು ಬದಲಾದರೂ ರೈತರು ತಮ್ಮನ್ನು ‘ಕ್ಷೆಂಜಾಕ್’, ಅಂದರೆ ವೋವಿಚ್ ಸಂಸ್ಥಾನದ ಒಕ್ಕಲು, ಎಂದೇ ಹೆಮ್ಮೆಯಿಂದ ಹೇಳಿಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಟ್ಟಿ ದುಡಿಮೆ ಹೋಗಿ ಗೇಣಿ ಹಣ ಬಂದಾಗ ಇವರ ಕೈಯಲ್ಲಿ ನಾಲ್ಕು ಕಾಸು ನಿಂತಿತು. ಆ ಕಾಸು ಉಡುಗೆಯಲ್ಲಿ, ಮನೆಯ ಸಿಂಗಾರದಲ್ಲಿ ಕಾಣತೊಡಗಿತು.

ಲಂಗಕ್ಕೆ ಮನೆಯ ಕುರಿಯ ಉಣ್ಣೆ, ಮನೆಯ ಮಗ್ಗ. ಮೊದಮೊದಲು ಕೆಂಪು, ಕಿತ್ತಳೆ ಪಟ್ಟೆಗಳದೇ ಮೇಲುಗೈ. ಕಾರ್ಖಾನೆಯ ಬಣ್ಣ ಸಂತೆಗೆ ಬಂದ ಮೇಲೆ ಹಸಿರು, ನೀಲಿಯೂ ಸೇರಿದವು. ಈಸ್ಟರಿಗೆ ಮುಂಚೆ ಗೋಡೆಗೆ ಸುಣ್ಣ ಬಳಿದು, ಬಣ್ಣದ ಕಾಗದದಲ್ಲಿ ಹುಂಜ, ಹೂವು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಅಲಂಕರಿಸುತ್ತಿದ್ದರು. ಈ ‘ವಿಚಿನಾಂಕಿ’ ಕಲೆಗೆ ಅವರು ಬಳಸುತ್ತಿದ್ದ ಆಯುಧ ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ!

ಹಾಗೆಂದು ಇದು ಬರೀ ಹಳೆಯದನ್ನು ಕಾಪಿಟ್ಟುಕೊಂಡ ಊರೆನ್ನಬೇಡಿ. ಇಲ್ಲಿನ ಮೌಜಿತ್ಸೆ ಹಳ್ಳಿಯ ಬಳಿ 1929ರಲ್ಲಿ ಸಂಚಾರಕ್ಕೆ ತೆರೆದ ಸೇತುವೆ, ಪೂರ್ತಿ ವೆಲ್ಡಿಂಗ್‌ನಿಂದಲೇ ಕಟ್ಟಿದ ಜಗತ್ತಿನ ಮೊದಲ ರಸ್ತೆ ಸೇತುವೆ. ಅದನ್ನು ರೂಪಿಸಿದ ಎಂಜಿನಿಯರ್ ಸ್ತೆಫಾನ್ ಬ್ರಿವಾ ಅವರನ್ನು 1943ರಲ್ಲಿ ನಾಜಿಗಳು ವಾರ್ಸಾದಲ್ಲಿ ಗುಂಡಿಟ್ಟು ಕೊಂದರು. ಅದಕ್ಕೂ ಮೊದಲು, 1939ರ ಸೆಪ್ಟೆಂಬರಿನಲ್ಲಿ, ಜರ್ಮನ್ ದಾಳಿಯ ವಿರುದ್ಧ ಪೋಲೆಂಡ್ ನಡೆಸಿದ ಅತಿದೊಡ್ಡ ಕಾಳಗಕ್ಕೆ ಇದೇ ಬ್ಜುರಾ ಬಯಲು ರಣರಂಗವಾಗಿತ್ತು.

1975ರಲ್ಲಿ ಸರ್ಕಾರ ದೇಶದ ಎಲ್ಲ ಪೋವ್ಯಾತ್‌ಗಳನ್ನೂ ರದ್ದು ಮಾಡಿತು. 1999ರಲ್ಲಿ ಮತ್ತೆ ಸ್ಥಾಪಿಸಿತು. ನಡುವಿನ ಇಪ್ಪತ್ತನಾಲ್ಕು ವರ್ಷ ಕಾಗದದ ಮೇಲೆ ಈ ಪೋವ್ಯಾತ್ ಇರಲಿಲ್ಲ, ಆದರೆ ಪಟ್ಟೆ ಲಂಗದ ಸೀಮೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಜನರಿಗೆ ಗೊತ್ತೇ ಇತ್ತು. ಈಗಲೂ ಕ್ರೈಸ್ತರ ಕಾರ್ಪಸ್ ಕ್ರಿಸ್ತಿ ಹಬ್ಬದ ಗುರುವಾರ ವೋವಿಚ್ ಪಟ್ಟಣದ ಮೆರವಣಿಗೆಗೆ ಸುತ್ತಲ ಹಳ್ಳಿಯವರು ಆ ಉಡುಗೆ ತೊಟ್ಟೇ ಬರುತ್ತಾರೆ. ಪೋಲೆಂಡಿಗೆ ಹೋಗುವ ಅವಕಾಶವಿದ್ದವರು ಆ ದಿನ ನೋಡಿಕೊಂಡೇ ಹೋಗಿ.