ಕೋವಿಯ ಹಿಡಿಗೆ ಅಕ್ರೋಡ ಮರ

ಕೋವಿ ಎಂದೊಡನೆ ಎಲ್ಲರ ಗಮನ ನಳಿಗೆಯ ಕಡೆಗೆ. ಕೊಡಗಿನ ಕೈಲ್ ಮುಹೂರ್ತದಲ್ಲಿ ತೋಕ್ ಪೂ ಸಿಕ್ಕಿಸಿಕೊಂಡು ಪೂಜೆಗೆ ಕುಳಿತ ಕೋವಿಯನ್ನು ಕಂಡವರಿಗೂ ಹೂವು ನೆನಪಿರುತ್ತದೆ, ಕಬ್ಬಿಣ ನೆನಪಿರುತ್ತದೆ. ಭುಜಕ್ಕೆ ತಾಗುವ ಮರದ ಹಿಡಿ ನೆನಪಿರುವುದು ಅಪರೂಪ. ಆದರೆ ಗುಂಡು ಹಾರಿದಾಗ ಹಿಂದಕ್ಕೆ ಬರುವ ಒದೆತವನ್ನು ತಾಳಿಕೊಂಡು ಭುಜಕ್ಕೆ ದಾಟಿಸುವುದು ಆ ಹಿಡಿಯೇ. ಅದು ಸೀಳಿತೆಂದರೆ ಎಂಥ ನಳಿಗೆಯಿದ್ದೂ ಪ್ರಯೋಜನವಿಲ್ಲ.

ಈ ಕೆಲಸಕ್ಕೆ ಯುರೋಪಿನವರು ಶತಮಾನಗಳಿಂದ ನೆಚ್ಚಿಕೊಂಡದ್ದು ಅಕ್ರೋಡ ಮರವನ್ನು. ಒಡೆದು ತಿನ್ನುವ ಅಕ್ರೋಡದ ಮರವೇ ಅದು. ‘ಇಂಗ್ಲಿಷ್ ವಾಲ್‌ನಟ್’ ಎಂಬ ಹೆಸರೇನೋ ಇದೆ, ಮರದ ತವರು ಮಾತ್ರ ಬಾಲ್ಕನ್ ನಾಡುಗಳಿಂದ ಹಿಮಾಲಯದವರೆಗಿನ ಬೆಟ್ಟಸೀಮೆ. ತೂಕದ ಲೆಕ್ಕದಲ್ಲಿ ಇದು ಗಟ್ಟಿ, ಪೆಟ್ಟಿಗೆ ಬೇಗ ಬಿರಿಯದು. ಚೆನ್ನಾಗಿ ಒಣಗಿದ ಮೇಲೆ ಮಳೆ ಬಿಸಿಲುಗಳಿಗೆ ಅಷ್ಟಾಗಿ ಸೊಟ್ಟಗಾಗದು. ಉಳಿಗೆ ಚೊಕ್ಕವಾಗಿ ಕೊರೆಸಿಕೊಳ್ಳುತ್ತದೆ. ಲೋಹದ ಭಾಗ ಮರದೊಳಗೆ ಕೂದಲೆಳೆಯ ಸಂದೂ ಇಲ್ಲದೆ ಕೂರಬೇಕಲ್ಲ!

ಹಲಗೆ ಆರಿಸುವಾಗ ಹೊಸಬರು ಮೋಸಹೋಗುವುದು ಚೆಲುವಿಗೆ. ಹೊಗೆಯಾಡಿದಂಥ ಕಪ್ಪು ಗೆರೆ, ತೆರೆಯಂಥ ಚಿತ್ತಾರ ಯಾರ ಕಣ್ಣನ್ನಾದರೂ ಸೆಳೆಯುತ್ತವೆ. ಆದರೆ ತೆರೆ ಮೂಡುವುದು ಮರದ ಎಳೆ ನೇರ ದಾರಿ ಬಿಟ್ಟು ತಿರುಗಿದ ಕಡೆ: ಬೇರು ಕೂಡುವ ಬುಡದಲ್ಲಿ, ಕೊಂಬೆ ಕವಲೊಡೆಯುವಲ್ಲಿ. ಚೆಲುವು ಹೆಚ್ಚಿದಲ್ಲಿ ಬಲ ಕಡಿಮೆ. ಆದ್ದರಿಂದ ಬಲ್ಲವರು ಮೊದಲು ನೋಡುವುದು ಹಿಡಿಯ ಕತ್ತನ್ನು, ಅಂದರೆ ಕೈಬೆರಳು ಸುತ್ತಿಕೊಳ್ಳುವ ತೆಳು ಭಾಗವನ್ನು. ಬದಿಯಿಂದ ನೋಡಿದರೆ ಎಳೆಗಳು ಆ ಕತ್ತಿನ ಬಾಗನ್ನೇ ಅನುಸರಿಸಿ ಹರಿದಿರಬೇಕು. ಅಡ್ಡ ಹಾಯ್ದಿದ್ದರೆ ಮುರಿಯುವುದು ಅಲ್ಲೇ. ಮುಂದಕ್ಕೆ ನೇರ ಎಳೆ, ಭುಜದ ತುದಿಯಲ್ಲಿ ಬೇಕಾದಷ್ಟು ಚಿತ್ತಾರ: ಎರಡೂ ಒಂದೇ ಹಲಗೆಯಲ್ಲಿ ದೊರೆತರೆ ಅದೃಷ್ಟ. ಅಂಥ ಹಲಗೆಗಾಗಿಯೇ ಮರವನ್ನು ನೆಲದ ಮೇಲೆ ಕಡಿಯದೆ ಬುಡ ಅಗೆದು ಉರುಳಿಸುವುದುಂಟು.

ಇನ್ನು ಒಣಗಿಸುವ ಮಾತು. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಅಂದಾಜು. ತುದಿಗಳಿಂದ ನೀರು ಬೇಗ ಆರಿ ಬಿರುಕು ಬಿಡುವುದರಿಂದ ಅಲ್ಲಿಗೆ ಮೇಣ ಬಳಿಯುತ್ತಾರೆ. ಆಗಾಗ ತೂಗಿ ನೋಡುತ್ತಾರೆ. ತೂಕ ಇಳಿಯುವುದು ನಿಂತ ಮೇಲೆಯೇ ಉಳಿ ಮುಟ್ಟುವುದು. ಅವಸರಪಟ್ಟವರ ಕೋವಿಯಲ್ಲಿ ಮರ ಆಮೇಲೆ ಕುಗ್ಗಿ ಲೋಹದಿಂದ ಬಿಟ್ಟುಕೊಳ್ಳುತ್ತದೆ.

ಇಷ್ಟು ತಾಳ್ಮೆ ಬೇಡುವ ಮರವನ್ನು ಯುದ್ಧಗಳು ಒಮ್ಮೆಲೇ ನುಂಗಿದವು. 1918ರಲ್ಲಿ ಅಮೆರಿಕದಲ್ಲಿ ರೈಫಲ್ ಹಿಡಿಗೂ ವಿಮಾನದ ಪ್ರೊಪೆಲರಿಗೂ ಬೇಕಾದ ಕಪ್ಪು ಅಕ್ರೋಡ ಎಲ್ಲೆಲ್ಲಿದೆ ಎಂದು ಹುಡುಕಲು ಬಾಲ ಸ್ಕೌಟುಗಳನ್ನು ಊರೂರಿಗೆ ಕಳಿಸಬೇಕಾಯಿತು! ಮುಂದೆ ಸೈನ್ಯಗಳು ಪ್ಲಾಸ್ಟಿಕ್ಕಿಗೆ ಹೊರಳಿದವು. ಬೇಟೆಯ, ಗುರಿಯಾಟದ ಕೋವಿಗಳಲ್ಲಿ ಮಾತ್ರ ಅಕ್ರೋಡದ ಗೌರವ ಉಳಿಯಿತು.

ಕಾಶ್ಮೀರದಲ್ಲಿ ಲೆಕ್ಕವೇ ಬೇರೆ. ಅಲ್ಲಿನ ಕೋವಿ ಕುಶಲಿಗಳಿಗೂ ಶ್ರೀನಗರದ ಕೆತ್ತನೆಗಾರರಿಗೂ ಇದೇ ಮರ ಬೇಕು. ರೈತನಿಗೋ ನಿಂತ ಮರದ ಕಾಯಿಯೇ ವರ್ಷದ ಆದಾಯ. ದಿಮ್ಮಿಗೆ ಬೆಲೆ ಬರುವಷ್ಟು ಬಲಿಯಲು ಅಕ್ರೋಡಕ್ಕೆ ಎರಡು ಮೂರು ತಲೆಮಾರು ಬೇಕು. ಅದಕ್ಕೇ 1969ರ ಕಾಯಿದೆಯೊಂದು ಅಲ್ಲಿ ಅಕ್ರೋಡವನ್ನು ರಕ್ಷಿತ ಮರಗಳ ಪಟ್ಟಿಗೆ ಸೇರಿಸಿತು. ಸ್ವಂತ ಹಿತ್ತಲಿನ ಮರಕ್ಕೆ ಕೊಡಲಿ ಹಾಕಲೂ ಅಧಿಕಾರಿಯ ಅನುಮತಿ ಪಡೆಯಬೇಕಾಯಿತು.